ಮಜಲು

ಪ್ರಯಾಣವನ್ನು ನಿಶ್ಚಯಿಸುವಾಗ ನಮ್ಮ ಹಿರಿಯರು ಮೊದಲು ಕೇಳುತ್ತಿದ್ದ ಪ್ರಶ್ನೆ ಊರು ಎಷ್ಟು ದೂರವೆಂಬುದಲ್ಲ, ಎಷ್ಟು ಮಜಲು ಎಂಬುದು. ಎಲ್ಲಿ ಇಳಿಯಬೇಕು, ಎಲ್ಲಿ ನೀರುಂಟು, ಎತ್ತುಗಳಿಗೆ ಹುಲ್ಲು ಎಲ್ಲಿ ದೊರೆತೀತು, ಕತ್ತಲಾಗುವುದರೊಳಗೆ ಯಾವ ಛತ್ರವನ್ನು ಸೇರಬಹುದು, ಇವೆಲ್ಲವೂ ಆ ಒಂದು ಮಾತಿನಲ್ಲಿ ಅಡಗಿದ್ದುವು. ಈಗ ನಾವು ಆ ಮಾತನ್ನು ಕಾವ್ಯದ ಬೆಳವಣಿಗೆಗೂ ಚಳುವಳಿಯ ಮುನ್ನಡೆಗೂ ಬಳಸುತ್ತೇವೆ. ಹಾದಿಗೆ ಮಾತ್ರ ಬಳಸುವುದು ಅಪೂರ್ವವಾಗಿದೆ. ಆದುದರಿಂದ ಅದರ ಹುಟ್ಟನ್ನು ಒಮ್ಮೆ ವಿಚಾರಿಸುವುದು ವ್ಯರ್ಥವಾಗಲಾರದು.

ಮಜಲು ಕನ್ನಡದ ದೇಶ್ಯಶಬ್ದವಲ್ಲ, ಸಂಸ್ಕೃತದಿಂದ ಬಂದುದೂ ಅಲ್ಲ. ಇದರ ಮೂಲವು ಅರಬ್ಬಿಯ ‘ಮಂಜಿಲ್’. ಆ ಭಾಷೆಯಲ್ಲಿ ‘ನಜಲ’ ಎಂದರೆ ಇಳಿದನು ಎಂದರ್ಥ. ಮಂಜಿಲ್ ಎಂದರೆ ಇಳಿಯುವ ಸ್ಥಳ, ಒಂಟೆಯ ಬೆನ್ನಿನಿಂದ ಇಳಿದು ಹೊರೆಯನ್ನು ಕಳಚುವ ತಾಣ. ಮರುಭೂಮಿಯಲ್ಲಿ ಇಳಿಯುವ ತಾಣವೆಂದರೆ ಬಾವಿಯಿರುವ ತಾಣವೇ. ಕೂಫಾ ನಗರದಿಂದ ಮೆಕ್ಕೆಗೆ ಹೋಗುವ ಯಾತ್ರಿಕರ ಹಾದಿಯುದ್ದಕ್ಕೂ ಇಂತಹ ತಂಗುದಾಣಗಳೂ ಕೊಳಗಳೂ ಇದ್ದುವು. ಖಲೀಫ ಹಾರೂನ್ ಅಲ್ ರಷೀದನ ರಾಣಿ ಜುಬೈದಾಳ ಹೆಸರನ್ನು ಆ ಹಾದಿಯು ಇಂದಿಗೂ ಹೊತ್ತಿದೆ. 9ನೆಯ ಶತಮಾನದಲ್ಲಿಯೇ ಇಬ್ನ್ ಖುರ್ದಾದ್‌ಬಿಹ್ ಎಂಬ ಅಧಿಕಾರಿಯು ರಾಜ್ಯದ ಹಾದಿಗಳನ್ನೂ ತಂಗುದಾಣಗಳನ್ನೂ ವಿವರಿಸಿ ಗ್ರಂಥ ಬರೆದಿದ್ದನು. ಅರಬ್ಬರು ಚಂದ್ರನಿಗೂ 28 ಮಂಜಿಲುಗಳನ್ನು ಗೊತ್ತುಮಾಡಿದರು. ನಮ್ಮ ನಕ್ಷತ್ರಮಂಡಲದಂತೆಯೇ, ಅವನೂ ರಾತ್ರಿಗೊಂದು ತಾಣದಲ್ಲಿ ಇಳಿಯಬೇಕಲ್ಲವೆ!

ಪಾರಸಿಯ ಮೂಲಕ ಈ ಶಬ್ದವು ದಕ್ಷಿಣಾಪಥಕ್ಕೆ ಬಂದಿತು. ಮರಾಠಿಗರ ನಾಲಗೆಯಲ್ಲಿ ಅನುನಾಸಿಕವು ಉದುರಿ ‘ಮಜಲ್’ ಎಂದಾಯಿತು. ಕನ್ನಡವು ತನ್ನ ವಾಡಿಕೆಯಂತೆ ಕೊನೆಗೊಂದು ಉಕಾರವನ್ನಿಟ್ಟು ಮಜಲನ್ನು ತನ್ನದಾಗಿ ಮಾಡಿಕೊಂಡಿತು. ಇದರೊಡನೆ ಬಂದ ಬಂಧುಗಳೂ ಉಂಟು. ಅಮಲ್ದಾರರು ಕಾಗದದ ತಲೆಯಲ್ಲಿ ಬರೆಯುತ್ತಿದ್ದ ‘ಮೊಕ್ಕಾಂ’ ಅರಬ್ಬಿಯ ಮಖಾಮ್, ನಿಲ್ಲುವ ಸ್ಥಳ. ‘ರಹದಾರಿ’ಯಲ್ಲಿ ನಮ್ಮ ದಾರಿಯನ್ನು ಕಂಡು ಹಿಗ್ಗುವವರಿದ್ದಾರೆ, ಆದರೆ ಅಲ್ಲಿ ದಾರಿಯಾಗಿರುವುದು ಪಾರಸಿಯ ‘ರಾಹ್’. ‘ದಾರ್’ ಎಂಬುದು ಜಮೀನ್ದಾರನಲ್ಲಿರುವಂತೆ ಉಳ್ಳವನು, ಕಾಯುವವನು ಎಂಬರ್ಥದ ಪ್ರತ್ಯಯ.

ತುಳುನಾಡಿನ ಕೇಳುಗರು ಇಲ್ಲಿ ಆಕ್ಷೇಪವೆತ್ತಬಹುದು. ಅವರಲ್ಲಿ ಬಯಲು, ಮಜಲು, ಬೆಟ್ಟು ಎಂದು ಗದ್ದೆಗಳಲ್ಲಿ ಮೂರು ತೆರ, ನಡುವಿನದು ಮಜಲು. ಆ ಮಜಲಿಗೂ ಈ ಮಜಲಿಗೂ ಧ್ವನಿಸಾಮ್ಯವಲ್ಲದೆ ಬೇರೆ ನಂಟಿಲ್ಲ. ಊರ ಹೆಸರಿನಲ್ಲಿ ಮಜಲು ಕಂಡೊಡನೆ ಅಲ್ಲಿ ದಂಡು ಇಳಿದಿತ್ತೆಂದು ಊಹಿಸುವುದು ಸಾಹಸವಾದೀತು.

ಇದಕ್ಕೆ ಮೊದಲು ಕನ್ನಡಕ್ಕೆ ಶಬ್ದದಾರಿದ್ರ್ಯವಿತ್ತೆಂದಲ್ಲ. ಪ್ರಯಾಣದಿಂದ ಪಯಣವಾಯಿತು, ದಂಡು ಇಳಿದರೆ ಬೀಡು, ಅರಸನು ನೆಲಸಿದರೆ ಶಾಸನಗಳ ನೆಲೆವೀಡು. ದೂರವನ್ನಳೆಯಲು ಹರದಾರಿ, ಗಾವುದಗಳಿದ್ದುವು. ಆದರೆ ಹರದಾರಿಯು ನೆಲವನ್ನು ಮಾತ್ರ ಅಳೆಯುತ್ತದೆ. ಮಜಲು ನೆಲದೊಡನೆ ನಡೆಯುವವನ ಶಕ್ತಿಯನ್ನೂ ಅಳೆಯುತ್ತದೆ. ಅನ್ಯದೇಶ್ಯವೆಂದು ಇದನ್ನು ನಿಘಂಟಿನಿಂದ ಅಟ್ಟಬೇಕೆನ್ನುವವರ ಮಾತು ನನಗೆ ಒಪ್ಪಿಗೆಯಾಗದಿರುವುದು ಇದರಿಂದಲೇ.

ಈ ಭೇದವು ಎಷ್ಟು ದೊಡ್ಡದೆಂಬುದನ್ನು 1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸನು ನಮ್ಮ ನೆಲದಲ್ಲಿಯೇ ಕಲಿತನು. ಮಾರ್ಚಿಯಲ್ಲಿ ಬೆಂಗಳೂರು ಕೋಟೆಯು ಅವನ ಕೈಸೇರಿತು. ಶ್ರೀರಂಗಪಟ್ಟಣಕ್ಕೆ ಅಲ್ಲಿಂದ ಸುಮಾರು 125 ಕಿಲೋಮೀಟರು; ನಕ್ಷೆಯಲ್ಲಿ ಗೇಣಿಗೂ ಕಡಮೆ. ಆದರೆ ಚನ್ನಪಟ್ಟಣದ ನೇರವಾದ ಹಾದಿಯಲ್ಲಿ ಟಿಪ್ಪುಸುಲ್ತಾನನು ಮೇವನ್ನೂ ದವಸವನ್ನೂ ಉಳಿಯಗೊಡಲಿಲ್ಲ. ಹಾದಿಯಿತ್ತು, ಮಜಲುಗಳಿರಲಿಲ್ಲ. ಮೇ ತಿಂಗಳ ಮೊದಲಲ್ಲಿ ಹೊರಟ ಸೈನ್ಯವು ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಬಳಸುದಾರಿಯನ್ನು ಹಿಡಿಯಿತು. ಅಲ್ಲಿಯೂ ಹಳ್ಳಿಗಳು ಬರಿದಾಗಿದ್ದುವು. ಮಳೆ ಹಿಡಿಯಿತು, ಫಿರಂಗಿಗಳನ್ನೆಳೆಯುತ್ತಿದ್ದ ಎತ್ತುಗಳು ಸಾಲುಸಾಲಾಗಿ ಸತ್ತುವು. ಅರಕೆರೆಯ ಬಳಿ ಮೇ 15ರಂದು ಕಾದಾಟದಲ್ಲಿ ಗೆದ್ದರೂ ಆ ಗೆಲವು ಎತ್ತಿಗೆ ಹುಲ್ಲಾಗಲಿಲ್ಲ. ಕೋಟೆಯು ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದಾಗ, ಅದನ್ನು ಒಡೆಯಲೆಂದು ಎಳೆದು ತಂದಿದ್ದ ಹಿರಿಯ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು.

ಮರುವರ್ಷ ಅವನು ಬಂದ ರೀತಿಯೇ ಬೇರೆ. ಅಷ್ಟರೊಳಗೆ ನಂದಿದುರ್ಗ, ಸಾವನದುರ್ಗಗಳನ್ನು ಹಿಡಿದು ಹಿಂದಿನ ಹಾದಿಯನ್ನು ಭದ್ರಪಡಿಸಿಕೊಂಡಿದ್ದನು. ಲಂಬಾಣಿಗರ ಹೇರೆತ್ತುಗಳ ಮೇಲೆ ದವಸವು ದಂಡಿನ ಬೆನ್ನಿಗೇ ಬರುತ್ತಿತ್ತು. 1792ರ ಫೆಬ್ರವರಿಯಲ್ಲಿ ಸೈನ್ಯವು ಶ್ರೀರಂಗಪಟ್ಟಣದೆದುರಿಗೆ ಇಳಿಯಿತು. ಈ ಸಲ ಇಳಿದಲ್ಲೆಲ್ಲ ಎತ್ತುಗಳಿಗೆ ಮೇವಿತ್ತು.