ಅದೇ ಆಕಾಶ, ಬೇರೆ ಲೈಸೆನ್ಸ್: ನೌಕಾಪಡೆಯ ಹೆಲಿಕಾಪ್ಟರ್ ಪೈಲಟ್ ಏರ್‌ಲೈನ್ಸ್ ಸೇರೋದು ಹೇಗೆ?

ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ ನೌಕಾಪಡೆಯ ವಾಯುನೆಲೆಯೊಂದು ಬರಬೇಕಿದೆ. ಅದು ಸೀಬರ್ಡ್ ಯೋಜನೆಯ ಎರಡನೇ ಹಂತದ ಭಾಗ. ಅದೇ ರನ್‌ವೇಯನ್ನು ನಾಗರಿಕ ವಿಮಾನಗಳೂ ಬಳಸಬೇಕು, ಅದಕ್ಕೊಂದು ಟರ್ಮಿನಲ್ ಇರಬೇಕು ಅನ್ನೋದು ಲೆಕ್ಕಾಚಾರ. ಗೋವಾದ ದಾಬೋಲಿಂನಲ್ಲಿ ಇರೋದೂ ಇದೇ ವ್ಯವಸ್ಥೆ. ಒಂದೇ ರನ್‌ವೇ ಸೈನ್ಯಕ್ಕೂ ಪ್ರಯಾಣಿಕರಿಗೂ ಸಾಕು ಅಂತಾದರೆ, ಸೈನ್ಯದ ಹೆಲಿಕಾಪ್ಟರ್ ಹಾರಿಸಿದವರು ನಾಳೆ ಪ್ರಯಾಣಿಕ ವಿಮಾನವನ್ನೂ ಹಾರಿಸಬಹುದಾ? ಹಾರಿಸಬಹುದು. ಆದರೆ ಸಮವಸ್ತ್ರ ಬದಲಿಸಿದಷ್ಟು ಸುಲಭವಲ್ಲ.

ಪೈಲಟ್ ಅಂದ್ರೆ ಪೈಲಟ್ ತಾನೇ?

ಅಲ್ಲ. ಲೈಸೆನ್ಸ್ ಸಿಗೋದು ವಾಹನದ ವರ್ಗಕ್ಕೆ. ವಿಮಾನದ್ದು ಒಂದು, ಹೆಲಿಕಾಪ್ಟರಿನದ್ದು ಇನ್ನೊಂದು. ದಾಬೋಲಿಂನ ಐಎನ್‌ಎಸ್ ಹಂಸವನ್ನೇ ನೋಡಿ. ಅಲ್ಲಿರುವ ಪಿ-8ಐ ಗಸ್ತು ವಿಮಾನ ಬೋಯಿಂಗ್ 737ರ ಒಡಲಿನ ಮೇಲೆಯೇ ಕಟ್ಟಿದ್ದು. ಅದನ್ನು ಹಾರಿಸುವ ಅಧಿಕಾರಿಗೆ ಏರ್‌ಲೈನ್ಸ್ ಕಾಕ್‌ಪಿಟ್ ಅಷ್ಟೇನೂ ಅಪರಿಚಿತವಲ್ಲ. ಅದೇ ನೆಲೆಯಲ್ಲಿ ಧ್ರುವ್ ಅಥವಾ ಕಮೋವ್ ಹೆಲಿಕಾಪ್ಟರ್ ಹಾರಿಸುವವರ ದಾರಿ ಮಾತ್ರ ಉದ್ದ. ಸಂಬಳ ಕೊಡುವ ಸರ್ಕಾರ ಒಂದೇ, ಹೊರಗೆ ಬಂದಾಗ ಸಿಗುವ ಬೆಲೆ ಬೇರೆ ಬೇರೆ.

ಅಷ್ಟೊಂದು ವ್ಯತ್ಯಾಸ ಇದೆಯಾ?

ಇದೆ. ಹೆಲಿಕಾಪ್ಟರ್ ಗಾಳಿಯಲ್ಲಿ ನಿಂತಲ್ಲೇ ನಿಲ್ಲಬಲ್ಲದು. ವಿಮಾನದ ರೆಕ್ಕೆ ಕೆಲಸ ಮಾಡೋಕೆ ಮುಂದಕ್ಕೆ ಓಡುವ ವೇಗ ಬೇಕು. ರೆಕ್ಕೆಯ ಕೋನ ಮಿತಿಮೀರಿದರೆ ಗಾಳಿಯ ಹರಿವು ಕಿತ್ತುಹೋಗಿ ಸ್ಟಾಲ್ ಆಗುತ್ತದೆ. ಎಂಜಿನ್ ಕೈಕೊಟ್ಟಾಗ ಹೆಲಿಕಾಪ್ಟರ್ ಪೈಲಟ್ ಎಡಗೈಯಲ್ಲಿರುವ ಕಲೆಕ್ಟಿವ್ ಹಿಡಿಯನ್ನು ತಕ್ಷಣ ಕೆಳಗೆ ತಳ್ಳಿ, ಕೆಳಗಿನಿಂದ ನುಗ್ಗುವ ಗಾಳಿಯಿಂದಲೇ ರೋಟರ್ ತಿರುಗುವಂತೆ ನೋಡಿಕೊಳ್ಳಬೇಕು. ವಿಮಾನದಲ್ಲಿ ಆ ಹಿಡಿಯೇ ಇಲ್ಲ. ಕೂರುವ ಜಾಗವೂ ಅದಲುಬದಲು: ಬಹುತೇಕ ಹೆಲಿಕಾಪ್ಟರ್‌ಗಳಲ್ಲಿ ಕ್ಯಾಪ್ಟನ್ ಬಲಕ್ಕೆ, ವಿಮಾನದಲ್ಲಿ ಎಡಕ್ಕೆ. ವರ್ಷಗಟ್ಟಲೆ ಕೈಗೆ ಅಂಟಿದ ರೂಢಿಯನ್ನು ಬಿಡಿಸೋಕೆ ಸಮಯ ಬೇಕು. ಹಾಗಾಗಿ ಬೇರೆ ಲೈಸೆನ್ಸ್ ಕೇಳುವುದರಲ್ಲಿ ತಪ್ಪಿಲ್ಲ.

ಆದರೆ ಎಲ್ಲವೂ ಹೊಸತೇನಲ್ಲ. ಹವಾಮಾನ ಓದೋದು, ರೇಡಿಯೋ ಮಾತು, ರಾತ್ರಿ ಹಾರಾಟ, ಒತ್ತಡದಲ್ಲಿ ತೀರ್ಮಾನ ತಗೊಳ್ಳೋದು ಎರಡೂ ಕಡೆ ಬೇಕು. ಅಲ್ಲಾಡುವ ಹಡಗಿನ ಡೆಕ್ ಮೇಲೆ ಇಳಿಸಿ ಪಳಗಿದವರಿಗೆ ಇದನ್ನು ಮೊದಲಿಂದ ಕಲಿಸಬೇಕಿಲ್ಲ. ವಾಯುಪಡೆಯಲ್ಲಂತೂ ಹೆಲಿಕಾಪ್ಟರ್ ಪೈಲಟ್‌ಗಳೂ ಮೊದಲ ಹಂತದಲ್ಲಿ ತರಬೇತಿ ವಿಮಾನವನ್ನೇ ಹಾರಿಸಿರುತ್ತಾರೆ.

ದಾರಿಯಲ್ಲಿ ಏನೇನಿದೆ?

ಮೊದಲು ವಿಮಾನದ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಭಾರತದಲ್ಲಿ ಹೊಸಬರಿಗೆ ಇದಕ್ಕೆ 200 ಗಂಟೆ ಹಾರಾಟ ಬೇಕು. ಬೇರೆ ವರ್ಗದಲ್ಲಿ ಹಾರಿದ ಗಂಟೆಗಳಲ್ಲಿ ಎಷ್ಟನ್ನು ಒಪ್ಪಬೇಕು ಅನ್ನೋದನ್ನು ಅಂತಾರಾಷ್ಟ್ರೀಯ ನಿಯಮ ಆಯಾ ದೇಶದ ನಿಯಂತ್ರಕರಿಗೆ, ಅಂದರೆ ಇಲ್ಲಿ ಡಿಜಿಸಿಎಗೆ, ಬಿಟ್ಟಿದೆ. ಇದರ ಜೊತೆ ಪರೀಕ್ಷೆಗಳು, ಕ್ಲಾಸ್ 1 ವೈದ್ಯಕೀಯ ತಪಾಸಣೆ, ಎರಡು ಎಂಜಿನ್ ವಿಮಾನದ ತರಬೇತಿ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್. ಆಮೇಲೆ ಏರ್‌ಬಸ್ 320 ಥರದ ಒಂದು ನಿರ್ದಿಷ್ಟ ವಿಮಾನಕ್ಕೆ ಟೈಪ್ ರೇಟಿಂಗ್, ಅದು ಬಹುಪಾಲು ಸಿಮ್ಯುಲೇಟರ್‌ನಲ್ಲಿ. ಇಷ್ಟಾದರೂ ಸಿಗೋದು ಸಹಪೈಲಟ್ ಸೀಟು. ಕ್ಯಾಪ್ಟನ್ ಆಗೋಕೆ 1,500 ಗಂಟೆ ಅನುಭವ ಕೇಳುವ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್ ಬೇಕು. ಸೈನ್ಯದಲ್ಲಿ ಹೆಲಿಕಾಪ್ಟರ್ ಕ್ಯಾಪ್ಟನ್ ಆಗಿದ್ದವರು ಇಲ್ಲಿ ತಮಗಿಂತ ಚಿಕ್ಕವರ ಪಕ್ಕ ಜೂನಿಯರ್ ಆಗಿ ಕೂರಬೇಕು.

ಖರ್ಚು ಯಾರದ್ದು?

ಸಮಸ್ಯೆ ಇರೋದು ಇಲ್ಲಿ. ಶಾರ್ಟ್ ಸರ್ವಿಸ್ ಅಧಿಕಾರಿಯೊಬ್ಬರು ಹತ್ತು–ಹದಿನಾಲ್ಕು ವರ್ಷಕ್ಕೆ ನೌಕಾಪಡೆ ಬಿಟ್ಟಾಗ ವಯಸ್ಸು ಮೂವತ್ತೈದರ ಆಸುಪಾಸು. ಮನೆ, ಮಕ್ಕಳು, ಸಾಲ ಎಲ್ಲ ಶುರುವಾಗಿರುತ್ತದೆ. ಹತ್ತಾರು ಲಕ್ಷ ಸುರಿದು ಮತ್ತೆ ಕಲಿಯೋಕೆ ಎಲ್ಲರಿಗೂ ಆಗಲ್ಲ. ಸಾರ್ವಜನಿಕ ಹಣದಲ್ಲಿ ತಯಾರಾದ ಕೌಶಲದ ಮುಂದಿನ ಮೆಟ್ಟಿಲು ಪೂರ್ತಿ ಖಾಸಗಿ ಜೇಬಿನ ಮೇಲೆ ನಿಂತಿದೆ. ಇನ್ನೊಂದು ಕಡೆ 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಕೊಟ್ಟಿವೆ. ಅವನ್ನು ಹಾರಿಸುವವರು ಎಲ್ಲಿಂದಲಾದರೂ ಬರಲೇಬೇಕಲ್ಲ?

ಬೇರೆ ಕಡೆ ಏನು ಮಾಡಿದರು?

ಅಮೆರಿಕದಲ್ಲಿ 2013ರಿಂದ ಸಹಪೈಲಟ್‌ಗೂ 1,500 ಗಂಟೆಯ ನಿಯಮ ಬಂತು. ಸೈನ್ಯದಿಂದ ಬಂದ ಪೈಲಟ್‌ಗಳಿಗೆ ಅದನ್ನು 750ಕ್ಕೆ ಇಳಿಸಿದರು. ಹೆಲಿಕಾಪ್ಟರ್ ಗಂಟೆಗಳೂ ಒಟ್ಟು ಲೆಕ್ಕಕ್ಕೆ ಸೇರುತ್ತವೆ, ವಿಮಾನದಲ್ಲೇ ಮುಗಿಸಬೇಕಾದ ಪಾಲು ಪ್ರತ್ಯೇಕ. ಪೈಲಟ್ ಕೊರತೆ ಬಿಸಿ ಮುಟ್ಟಿಸಿದಾಗ ಅಲ್ಲಿನ ಪ್ರಾದೇಶಿಕ ಏರ್‌ಲೈನ್ಸ್‌ಗಳು ಸೈನ್ಯದ ಹೆಲಿಕಾಪ್ಟರ್ ಪೈಲಟ್‌ಗಳಿಗೆಂದೇ ‘ರೋಟರ್ ಟ್ರಾನ್ಸಿಷನ್’ ಯೋಜನೆ ತಂದು, ತರಬೇತಿಗೆ ಹಣವನ್ನೂ ಕೊಟ್ಟವು. ಔದಾರ್ಯಕ್ಕಲ್ಲ, ಅವರಿಗೂ ಬೇರೆ ದಾರಿ ಇರಲಿಲ್ಲ.

ನಮ್ಮಲ್ಲೂ ಹೆಲಿಕಾಪ್ಟರ್‌ನಿಂದ ಏರ್‌ಲೈನ್ಸ್‌ಗೆ ದಾಟಿದ ಕಥೆ ಇದೆ, ಅದು ಕಂಪನಿಯದ್ದು. ಕ್ಯಾಪ್ಟನ್ ಗೋಪಿನಾಥ್ ಮತ್ತು ಸೈನ್ಯದ ಮಾಜಿ ಹೆಲಿಕಾಪ್ಟರ್ ಪೈಲಟ್ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್ ಬೆಂಗಳೂರಿನಲ್ಲಿ ಕಟ್ಟಿದ ಡೆಕ್ಕನ್ ಏವಿಯೇಷನ್ ಮೊದಲು ಹೆಲಿಕಾಪ್ಟರ್ ಬಾಡಿಗೆಗೆ ಕೊಡುತ್ತಿತ್ತು. 2003ರಲ್ಲಿ ಅದರಿಂದಲೇ ಏರ್ ಡೆಕ್ಕನ್ ಹುಟ್ಟಿತು.

ಕಾರವಾರ–ಅಂಕೋಲಾಕ್ಕೆ ಇದರಿಂದೇನು?

ಐಎನ್‌ಎಸ್ ಕದಂಬ 2005ರಲ್ಲಿ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲತೀರ ಬಿಟ್ಟವು, ಪರಿಹಾರಕ್ಕೆ ದಶಕಗಟ್ಟಲೆ ಅಲೆದವು. ಈಗ ಅಲಗೇರಿಯ ಸರದಿ. ಆ ಊರಿನ ಹುಡುಗಿಯೊಬ್ಬಳು ಪೈಲಟ್ ಆಗಬೇಕು ಅಂದರೆ ಎದುರಾಗುವ ಗೋಡೆಯೂ ನಿವೃತ್ತ ಹೆಲಿಕಾಪ್ಟರ್ ಪೈಲಟ್‌ನ ಮುಂದಿರುವ ಗೋಡೆಯೇ: ವಿಮಾನದಲ್ಲಿ ಕಳೆಯುವ ಒಂದೊಂದು ಗಂಟೆಯ ಬಿಲ್ಲು.

ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ಹೆಲಿಕಾಪ್ಟರ್ ಗಂಟೆಗಳಿಗೆ ಸಿಗುವ ರಿಯಾಯಿತಿಯನ್ನು ಡಿಜಿಸಿಎ ಒಂದೇ ಪುಟದಲ್ಲಿ, ಯಾರಿಗೂ ಅರ್ಥವಾಗುವಂತೆ ಹೇಳಲಿ. ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ್ದೇ ವೈಮಾನಿಕ ತರಬೇತಿ ಶಾಲೆ ಇದೆ; ಅಲ್ಲಿ ಮಾಜಿ ಸೈನಿಕ ಪೈಲಟ್‌ಗಳಿಗೊಂದು ಕಿರು ಕೋರ್ಸ್, ಭೂಮಿ ಕಳೆದುಕೊಂಡ ಕುಟುಂಬಗಳ ಮಕ್ಕಳಿಗೆ ಶುಲ್ಕವಿಲ್ಲದ ಸೀಟು ಕೊಡಲಿ. ಸುರಕ್ಷತೆಯಲ್ಲಿ ರಾಜಿ ಬೇಡ, ಪರೀಕ್ಷೆ ಎಲ್ಲರಿಗೂ ಒಂದೇ ಇರಲಿ. ಆದರೆ ಅಲಗೇರಿಯಿಂದ ವಿಮಾನ ಹಾರುವ ದಿನ ಊರಿನವರಿಗೆ ಸಿಕ್ಕಿದ್ದು ಗೇಟು ಕಾಯುವ ಕೆಲಸ ಮಾತ್ರ ಅಂತಾದರೆ, ಆ ಗೇಟು ಯಾರ ಗದ್ದೆಯಲ್ಲಿ ನಿಂತಿದೆ ಅನ್ನೋ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಸರ್ಕಾರದವರೇ.