ಹಡಗುಕಟ್ಟೆಯಿಂದ ಹೃದಯಕ್ಕೆ: ಒಂದು ಮಾರುದನಿಯ ಕಥೆ

ಬೊಮ್ಮಸಂದ್ರದ ನಾರಾಯಣ ಹೃದಯಾಲಯಕ್ಕೋ, ವೈಟ್‌ಫೀಲ್ಡ್‌ನಲ್ಲಿ 2001ರ ಜನವರಿ 19ರಂದು ಉದ್ಘಾಟನೆಯಾದ ಸತ್ಯಸಾಯಿ ಆಸ್ಪತ್ರೆಗೋ ಹೃದಯದಲ್ಲಿ ರಂಧ್ರವಿರುವ ಮಗುವನ್ನು ಕರೆತಂದರೆ ಮೊದಲು ನಡೆಯುವ ಪರೀಕ್ಷೆಗಳಲ್ಲಿ 'ಎಕೋ' ಒಂದು. ರಂಧ್ರದ ಅಳತೆಯಷ್ಟೇ ತಿಳಿದರೆ ಸಾಲದು. ದೊಡ್ಡ ರಂಧ್ರದ ಮೂಲಕ ಹೆಚ್ಚುವರಿ ರಕ್ತ ವರ್ಷಗಟ್ಟಲೆ ನುಗ್ಗಿದರೆ ಶ್ವಾಸಕೋಶದ ರಕ್ತನಾಳಗಳ ಗೋಡೆ ದಪ್ಪವಾಗಿ ಒತ್ತಡ ಏರುತ್ತದೆ. ಒಂದು ಹಂತ ದಾಟಿದ ಮೇಲೆ ರಂಧ್ರ ಮುಚ್ಚುವುದೇ ಪ್ರಾಣಾಪಾಯ.

ಈ ಒತ್ತಡವನ್ನು ನೇರವಾಗಿ ಅಳೆಯಲು ಹೃದಯದೊಳಕ್ಕೆ ಸಪೂರ ನಳಿಕೆ ತೂರಿಸಬೇಕು. ಧ್ವನಿಯ ದಾರಿ ಬೇರೆ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಹಾಗೂ ಭೌತವಿಜ್ಞಾನಿ ಹೆಲ್ಮುಟ್ ಹರ್ಟ್ಸ್ ಶ್ರವಣಾತೀತ ಧ್ವನಿಯಿಂದ ಹೃದಯದ ಚಲನೆಯನ್ನು ದಾಖಲಿಸಿದರು. ಈ ಹರ್ಟ್ಸ್, ನೊಬೆಲ್ ಪುರಸ್ಕೃತ ಗುಸ್ತಾವ್ ಹರ್ಟ್ಸ್‌ರ ಮಗ. ಅವರು ಮೊದಲು ಪ್ರಯೋಗಿಸಿದ್ದು ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವನ್ನು! ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಬೆಸುಗೆಯ ದೋಷ ಪತ್ತೆಮಾಡುವ ಉಪಕರಣವೂ ಎಕೋ ಯಂತ್ರವೂ ದಾಯಾದಿಗಳು.

ಚಿತ್ರ ಸಿಕ್ಕಿತು, ಒತ್ತಡ? ಬಲ ಹೃತ್ಕುಕ್ಷಿಯ ಒತ್ತಡ ಏರಿದಾಗ ತ್ರಿದಳ ಕವಾಟ ಪೂರ್ತಿ ಮುಚ್ಚದೆ ರಕ್ತ ಹಿಂದಕ್ಕೆ ಚಿಮ್ಮುವುದುಂಟು. ಅದರ ವೇಗವನ್ನು ಡಾಪ್ಲರ್ ಪರಿಣಾಮದಿಂದ ಅಳೆಯಬಹುದು. 1984ರಲ್ಲಿ ಸ್ಟ್ಯಾನ್‌ಫರ್ಡ್‌ನ ಯಾಕ್ ಮತ್ತು ಪಾಪ್ ಇದಕ್ಕೆ ಪಿಯುಸಿಯಲ್ಲಿ ನಾವು ಕಲಿಯುವ ಬರ್ನೂಲಿ ತತ್ತ್ವವನ್ನೇ ಅನ್ವಯಿಸಿದರು. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿ: ಸೆಕೆಂಡಿಗೆ 4 ಮೀಟರ್ ವೇಗವಿದ್ದರೆ 4×4×4, ಅಂದರೆ 64 ಮಿಮೀ ಪಾದರಸ. ಇದಕ್ಕೆ ಬಲ ಹೃತ್ಕರ್ಣದ ಒತ್ತಡವನ್ನು ಕೂಡಿಸಿದರೆ ಬಲ ಹೃತ್ಕುಕ್ಷಿಯ ಸಂಕೋಚನದ ಒತ್ತಡ ಬರುತ್ತದೆ. ಮುಂದಿನ ಕವಾಟದಲ್ಲಿ ಅಡ್ಡಿಯಿಲ್ಲದಿದ್ದರೆ ಪುಪ್ಪುಸ ಅಪಧಮನಿಯದೂ ಅಷ್ಟೇ. ಆರೋಗ್ಯವಂತರಲ್ಲಿ ಇದು ಸುಮಾರು 25.

ಆದರೆ ರೋಗಿಯ ಭವಿಷ್ಯವನ್ನು ಈ ಅಂಕಿಯೊಂದೇ ಹೇಳದು. ಬಲ ಹೃತ್ಕುಕ್ಷಿ ಸೋತು ರಕ್ತ ನೂಕಲಾರದಾದಾಗ ಒತ್ತಡ ಇಳಿದೀತು. ಅದು ಗುಣದ ಲಕ್ಷಣವಲ್ಲ. ಹಾಗಾಗಿ ಗಮನ ಸ್ನಾಯುವಿನ ಕಡೆ ಹೊರಳಿತು. ಪ್ರತಿ ಬಡಿತಕ್ಕೆ ತ್ರಿದಳ ಕವಾಟದ ಬಳೆ ಹೃದಯದ ತುದಿಯತ್ತ ಎಷ್ಟು ಸರಿಯುತ್ತದೆ? 2006ರಲ್ಲಿ ಫೋರ್ಫಿಯಾ ಮತ್ತು ಸಂಗಡಿಗರು, ಈ ಸರಿತ 1.8 ಸೆಂಮೀಗಿಂತ ಕಡಿಮೆಯಿದ್ದವರು ಬದುಕುಳಿಯುವ ಸಾಧ್ಯತೆ ಕಡಿಮೆ ಎಂದು ತೋರಿಸಿದರು. ಇಷ್ಟು ಸರಳ ಅಳತೆ ಇಷ್ಟು ಹೇಳುವುದು ಸೋಜಿಗವೇ ಸರಿ. ಯೂರೋಪಿನ 2022ರ ಮಾರ್ಗಸೂಚಿ, ಮಿಮೀಗಳಲ್ಲಿ ಅಳೆದ ಸರಿತವನ್ನು ಸಂಕೋಚನದ ಒತ್ತಡದಿಂದ ಭಾಗಿಸಿ ನೋಡುತ್ತದೆ. 12 ಮಿಮೀ ಸರಿತ, 80 ಒತ್ತಡ ಎಂದರೆ 0.15, 0.19ಕ್ಕಿಂತ ಕಡಿಮೆಯಾದ್ದರಿಂದ ಹೆಚ್ಚು ಅಪಾಯದ ಗುಂಪು.

ಕವಾಟದಿಂದ ರಕ್ತ ಚಿಮ್ಮದಿದ್ದರೆ ಈ ಲೆಕ್ಕಕ್ಕೆ ಬೇಕಾದ ವೇಗವೇ ಸಿಗದು. ರೋಗವನ್ನು ಖಚಿತಪಡಿಸಲು ಇಂದಿಗೂ ನಳಿಕೆಯೇ ಬೇಕು.