ನಮ್ಮ ಕನ್ನಡಕ್ಕ ಮಾರ್ಕ್ಸ್ ಹಾಕಾಕ ಎಂಟೆದಿ ಬೇಕು!

(1/6)
ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊಂಟ್ರಿ ಅಂದ್ರ ಬ್ಯಾಗಿನ್ಯಾಗ ಎರಡು ಕನ್ನಡ ಇಟ್ಕೊಂಡು ಹೋಗ್ತೀರಿ, ಹೌದಲ್ಲೋ? ಒಂದು ಮನಿಯಾಗಿಂದು, ಇನ್ನೊಂದು ಇಸ್ತ್ರಿ ಮಾಡಿದ್ದು. ‘ಮಾಡಾಕತ್ತೇನ್ರಿ’ ಅನ್ನೂದು ತುಟಿತನಕ ಬಂದು ‘ಮಾಡ್ತಾ ಇದ್ದೀನಿ ಸರ್’ ಆಗಿ ಹೊರಗ ಬೀಳತೈತಿ. ಯಾಕಂದ್ರ ಹಿಂದ ಯಾರೋ ನಕ್ಕು ‘ನಿಮ್ದು ಶುದ್ಧ ಕನ್ನಡ ಅಲ್ಲ’ ಅಂದಿರ್ತಾರ. ಇವತ್ತು ಆ ಮಾತಿನ ಹಳೇ ಲೆಕ್ಕ ತೆಗೆಯೋಣ. ಬಿಕಾಂನವರು ನಾವು, ಓಪನಿಂಗ್ ಬ್ಯಾಲೆನ್ಸ್ ನೋಡದ ಬಿಡೂದಿಲ್ಲ.

(2/6)
ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ‘ಕವಿರಾಜಮಾರ್ಗ’. ಸುಮಾರು ಕ್ರಿ.ಶ. 850, ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನ, ಬರೆದವ ಶ್ರೀವಿಜಯ. ಕನ್ನಡದ ತಿರುಳು ಎಲ್ಲೈತಿ ಅಂತ ಅದರಾಗ ನಾಲ್ಕು ಊರಿನ ಹೆಸರು ಹೇಳ್ಯಾನ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದ್ರ ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ಈ ಪಟ್ಟಿಯಾಗ ಬೆಂಗಳೂರು ಹುಡುಕಬ್ಯಾಡ್ರಿ, ಸಿಗೂದಿಲ್ಲ. ನಮ್ಮ ಬೆಳಗಲಿನೂ ಇಲ್ಲ ಬಿಡ್ರಿ. ಚೂರು ಉತ್ತರಕ್ಕ, ಕಾಂಪೌಂಡಿನ ಹೊರಗ ಕುಂತೈತಿ!

(3/6)
ಅದೇ ಪುಸ್ತಕದಾಗ ಇನ್ನೊಂದು ಮಜಾ ಐತಿ. ಒಂದು ಕನ್ನಡ ಅಲ್ಲ, ‘ಕನ್ನಡಗಳು’ ಅನ್ನೂ ಅರ್ಥದ ಮಾತು ಅಲ್ಲೈತಿ. ನಾಡಿಗೊಂದು ನುಡಿ ಇರೂದರಿಂದ ಅವುಗಳ ದೋಷ ಎಣಿಸಾಕ ಕುಂತ್ರ ಸರ್ಪರಾಜ ವಾಸುಕಿಗೂ ತಿಳಿಯದ ಬ್ಯಾಸರ ಬರತೈತಿ ಅಂತಾನ. ವಾಸುಕಿ ಕೈಬಿಟ್ಟ ಕೆಲಸಾನ ನಮ್ಮ ಹಾಸ್ಟೆಲ್ ರೂಮ್‌ಮೇಟ್‌ಗಳು ಇನ್ನೂ ನಡೆಸ್ಯಾರ.

(4/6)
ಇದಾಗಿ ನೂರು ವರ್ಷಕ್ಕ, 949ರಲ್ಲಿ ನಮ್ಮ ರನ್ನ ಹುಟ್ಟಿದ. ಮನಿತನ ಬಳೆಗಾರರದು. ಹುಟ್ಟಿದ ಸಂವತ್ಸರ, ತಾಯಿ ಅಬ್ಬಲಬ್ಬೆ, ತಂದೆ ಜಿನವಲ್ಲಭ, ಮುದುವೊಳಲು ಅಂದ್ರ ಮುಧೋಳ, ಜಂಬುಖಂಡಿ ಅಂದ್ರ ಜಮಖಂಡಿ, ಎಲ್ಲಾ ತಾನೇ ಬರೆದಿಟ್ಟಾನ. ಬಯೋನೂ ಐತಿ, ಲೊಕೇಶನ್ ಟ್ಯಾಗೂ ಐತಿ. ಬಳೆ ಮಾರೂ ಮನಿಯ ಹುಡುಗ ದೂರದ ಶ್ರವಣಬೆಳಗೊಳದ ಕಡೆ ಹೋಗಿ ಅಜಿತಸೇನಾಚಾರ್ಯರ ಹತ್ರ ಕಲಿತ. 993ರಲ್ಲಿ ‘ಅಜಿತಪುರಾಣ’ ಮುಗಿಸಿದ, ‘ಗದಾಯುದ್ಧ’ ಬರೆದ, ಚಾಲುಕ್ಯ ತೈಲಪನಿಂದ ‘ಕವಿಚಕ್ರವರ್ತಿ’ ಅನ್ನಿಸಿಕೊಂಡ. ಹಳೆಗನ್ನಡ ಶಬ್ದಗಳ ಅರ್ಥ ಹೇಳೂ ‘ರನ್ನಕಂದ’ ಅನ್ನೂ ನಿಘಂಟೂ ಅವನ ಹೆಸರಿನ್ಯಾಗೇ ಐತಿ. ಡಿಕ್ಷನರಿ ನಮ್ಮೂರಿನವಂದು, ಸ್ಪೆಲಿಂಗ್ ಮಿಸ್ಟೇಕ್ ಮಾತ್ರ ನಮ್ದಂತ!

(5/6)
ಈಗ ಕೇಳ್ರಿ ಖರೇ ವಿಷಯ. ರನ್ನ ತನ್ನ ಕಾವ್ಯದ ಬಗ್ಗೆ ಒಂದು ಸವಾಲು ಹಾಕ್ಯಾನ. ಸರ್ಪರಾಜನ ಹೆಡಿಮ್ಯಾಲಿನ ರತ್ನಾನ, ರನ್ನನ ಕೃತಿರತ್ನಾನ ಪರೀಕ್ಷೆ ಮಾಡ್ತೇನಿ ಅನ್ನವಗ ಎಂಟೆದಿ ಅದಾವೇನು ಅಂತ ಕೇಳ್ತಾನ. ಒಂದೆದಿ ಸಾಲೂದಿಲ್ಲ, ಎಂಟು ಬೇಕು! ‘ಸರ್, ನನ್ನ ಕನ್ನಡ ಅಷ್ಟು ಚಲೋ ಇಲ್ರಿ’ ಅಂತ ತಲಿ ತಗ್ಗಿಸಲಿಲ್ಲ ನೋಡ್ರಿ.

(6/6)
ಹಂಗಾದ್ರ ನಮ್ಮ ಮಾತು ಹಿಂದಕ್ಕ ಸರಿದದ್ದು ಹೆಂಗ? ಮುಧೋಳ ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರದು, ಆಮ್ಯಾಲೆ ಎರಡೂ ಮುಂಬಯಿ ರಾಜ್ಯದಾಗ. 1956ರಾಗ ಏಕೀಕರಣ ಆದಾಗ ರಾಜಧಾನಿ ಬೆಂಗಳೂರು. ಕಚೇರಿ, ಪಠ್ಯಪುಸ್ತಕ, ಸಿನಿಮಾ ಎಲ್ಲಿ ಕುಂತವೋ ಅಲ್ಲಿಯ ಕನ್ನಡ ‘ಶುದ್ಧ’ ಆತು. 850ರಾಗ ಅದು ಈ ಕಡೆ ಇತ್ತು, ಈಗ ಆ ಕಡೆ ಐತಿ. ಬದಲಾಗಿದ್ದು ಅಧಿಕಾರದ ವಿಳಾಸ, ನಮ್ಮ ನಾಲಗಿ ಅಲ್ಲ. ನಾವು ದಿನಾ ಅನ್ನೂ ‘ಒಲ್ಲೆ’ ಹಳೆಗನ್ನಡದ ‘ಒಲ್ಲೆಂ’. ಸಾವಿರ ವರ್ಷ ಅದನ್ನ ಕಾಯ್ದವರು ಪಂಡಿತರಷ್ಟೇ ಅಲ್ಲ, ಊಟಕ್ಕ ಕುಂತು ಇನ್ನೊಂದು ರೊಟ್ಟಿ ಒಲ್ಲೆ ಅಂದ ನಮ್ಮ ಮಂದಿ.

ಪರೀಕ್ಷೆಯಾಗ ಪುಸ್ತಕದ ಕನ್ನಡ ಬರೀರಿ, ಅದೂ ನಮ್ದೇ. ಆದ್ರ ಇನ್ನೊಮ್ಮೆ ಯಾರರೆ ನಕ್ರ ಸಿಟ್ಟಾಗಬ್ಯಾಡ್ರಿ, ಸುಮ್ಮನೂ ಆಗಬ್ಯಾಡ್ರಿ. ಮನಿಯ ಕನ್ನಡದಾಗೇ ನಕ್ಕೋಂತ ಕೇಳ್ರಿ: ‘ಎಂಟೆದಿ ಅದಾವೇನ್ರಿ?’

#ರನ್ನಬೆಳಗಲಿ #ಎಂಟೆದಿ #ನಮ್ಮಮಾತು